ಗೆರೆ ಅಳಿಸಿದ ಗಂಡ

ಜ್ವರ ಇಲ್ಲದಿದ್ದರೂ ರಕ್ತ ತೆಗೀರಿ ಎಂದು ತಾನಾಗಿ ಬೆರಳು ಚಾಚಿದ ಮನುಷ್ಯ ನನ್ನ ಸರ್ವೀಸಿನಲ್ಲಿ ಅವನೊಬ್ಬನೇ. ಮಿಕ್ಕವರೆಲ್ಲ ನನ್ನ ಸೈಕಲ್ ಕಂಡರೆ ಹೊಲದ ಕಡೆ ಓಡುತ್ತಿದ್ದರು. ಅವರದ್ದೂ ತಪ್ಪಲ್ಲ ಬಿಡಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಆಸ್ಪತ್ರೆಯವನು ಹಳ್ಳಿಗೆ ಬಂದ ಎಂದರೆ ಗಂಡಸರನ್ನು ಹಿಡಿದುಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತಾನೆ ಎಂಬ ಹೆದರಿಕೆ ಇನ್ನೂ ಆರಿರಲಿಲ್ಲ. ಸರ್ಕಾರ ನನ್ನ ಹುದ್ದೆಯ ಹೆಸರನ್ನು ಬದಲಾಯಿಸುತ್ತಲೇ ಇತ್ತು. ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಕಡೆಯ ಹಳ್ಳಿಗಳಿಗೆ ಮಾತ್ರ ನಾನು ಮೊದಲಿನಿಂದ ಕೊನೆಯವರೆಗೂ ‘ಮಲೇರಿಯಾ ಸಾರ್’. ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಂಡು, ಕಹಿ ಮಾತ್ರೆ ನುಂಗಿಸಿ, ಗೋಡೆಯ ಮೇಲೆ ಬಂದುಹೋದ ಗುರುತು ಹಾಕಿ ಮುಂದಿನ ಮನೆಗೆ ಹೋಗುವುದು ನನ್ನ ಕೆಲಸ. ಸೈಕಲ್ಲಿನ ಟೈರಿಗೆ ದಿನಕ್ಕೊಂದು ಜಾಲಿಮುಳ್ಳು ಸಿಗುತ್ತಿತ್ತು. ಅದನ್ನು ತಳ್ಳಿಕೊಂಡು ನಡೆಯುವುದೂ ಕೆಲಸದ ಒಂದು ಭಾಗ ಎಂದು ಯಾವತ್ತೋ ಒಪ್ಪಿಕೊಂಡಿದ್ದೆ.

ಬೆರಳು ಚಾಚಿದವನು ಕುರಿ ಸಾಕುವ ಗೊಲ್ಲರ ಹಟ್ಟಿಯವನು. ನಲವತ್ತರ ಹತ್ತಿರದ ಆಳು, ಹೆಗಲ ಮೇಲೆ ಕಂಬಳಿ, ಮಾತು ಕಮ್ಮಿ. ಅವನ ಹೆಂಡತಿಗೆ ಎದೆಯಲ್ಲಿ ಗಂಟು ಇರುವುದನ್ನು ಮೊದಲು ಕಂಡುಹಿಡಿದವರು ನಮ್ಮ ಆಸ್ಪತ್ರೆಯ ನರ್ಸಮ್ಮ. ಹಟ್ಟಿಯ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋದಾಗ ಆ ಹೆಂಗಸು ಮರೆಗೆ ಕರೆದು ತೋರಿಸಿದ್ದಳಂತೆ. ನಮ್ಮ ಡಾಕ್ಟರು ಮುಟ್ಟಿ ನೋಡಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಎಡಗಡೆಯದನ್ನು ತೆಗೆದರು. ಗಾಯ ಮಾಗಿತು. ಆಮೇಲೆ ಅದೇ ಜಾಗಕ್ಕೆ ದಿನ ಬಿಡದೆ ಯಂತ್ರದ ಕಿರಣ ಹಾಯಿಸಬೇಕು. ನಮ್ಮ ಕಡೆ ಅದಕ್ಕೆ ‘ಕರೆಂಟು ಕೊಡೋದು’ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಛತ್ರದಲ್ಲಿದ್ದುಕೊಂಡು ಕರೆಂಟು ಕೊಡಿಸಲು ಶುರುಮಾಡಿದ್ದರು. ನಡುವೆ ಹಬ್ಬದ ರಜೆ ಬಂತು, ಹಟ್ಟಿಗೆ ಬಂದರು. ರಜೆ ಮುಗಿದ ಮೇಲೆ ಒಂದು ದಿನ ಹೋದವರು ಸಂಜೆಯ ಬಸ್ಸಿಗೇ ವಾಪಸ್ ಬಂದರು. ಆಮೇಲೆ ಹೋಗಲೇ ಇಲ್ಲ.

ಇದು ನರ್ಸಮ್ಮನಿಗೆ ಗೊತ್ತಾಗಿ ಡಾಕ್ಟರಿಗೆ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅರ್ಧಕ್ಕೆ ಬಿಟ್ಟರೆ ಆಪರೇಷನ್ ಮಾಡಿಸಿದ್ದೂ ನೀರಲ್ಲಿ ಹೋಮ ಮಾಡಿದಂತೆ ಎಂದರು ಡಾಕ್ಟರು. ನರ್ಸಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಈ ಗಂಡಸರ ಹಣೆಬರಹ ತನಗೆ ಗೊತ್ತಿಲ್ಲವೇ, ಹೆಂಡತಿಯ ಎದೆ ಹೋಯಿತು, ಇನ್ನೊಬ್ಬಳನ್ನು ತರುವ ಯೋಚನೆ ಇರಬೇಕು ಎಂದರು. ನನಗೂ ಹಾಗೇ ಅನ್ನಿಸಿತು. ಹೆಂಗಸನ್ನು ನರ್ಸಮ್ಮ ನೋಡಿಕೊಳ್ಳಲಿ, ಆ ಗಂಡಸನ್ನು ಹೊರಡಿಸುವುದು ನಿಮ್ಮ ಜವಾಬ್ದಾರಿ ಎಂದು ಡಾಕ್ಟರು ನನಗೆ ಹೇಳಿದರು. ಮಲೇರಿಯಾ ಕೆಲಸದವನಿಗೆ ಇದು ಯಾವ ಲೆಕ್ಕದ ಕೆಲಸ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳುವುದಕ್ಕೂ ಆಯಾಸವಾಗುವ ವಯಸ್ಸು ನನಗೆ ಬೇಗ ಬಂದಿತ್ತು.

ಬೈಯಲು ಮಾತು ಜೋಡಿಸಿಕೊಂಡೇ ಹಟ್ಟಿಗೆ ಹೋದೆ. ಹಟ್ಟಿ ಎಂದರೆ ಸುತ್ತ ಮುಳ್ಳಿನ ಬೇಲಿ, ಒಳಗೆ ಒತ್ತಿ ಕಟ್ಟಿದ ಮನೆಗಳು. ಸಾವು, ಹೆರಿಗೆ, ಆಸ್ಪತ್ರೆ, ಎಲ್ಲಿಂದ ಬಂದವರಾದರೂ ಬೇಲಿಯ ಹೊರಗೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕೆಂಬ ಕಟ್ಟು ಅವರಲ್ಲಿತ್ತು. ಸರ್ಕಾರದ ಕೆಲಸದವನು ಎಂದು ನನಗೆ ಕಾಲು ತೊಳೆಸಿ ಬಿಡುತ್ತಿದ್ದರು. ಅವನು ಒಳಗಿರಲಿಲ್ಲ. ಬೇಲಿಯಾಚೆ, ಕುರಿ ಕೂಡುವ ರೊಪ್ಪದ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಮನೆಯೊಳಗೆ ಮಲಗುವುದನ್ನೂ ಬಿಟ್ಟಿದ್ದಾನೆ ಎಂದು ಅಲ್ಲಿದ್ದವರು ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಜ್ವರ ಐತೆ ಸಾರ್ ಎಂದು ಎಡಗೈ ಚಾಚಿದ. ಹಣೆ ಮುಟ್ಟಿದರೆ ತಣ್ಣಗಿತ್ತು. ಎದೆಯ ಎಡಭಾಗ ತೋರಿಸಿ ಇಲ್ಲಿ ಒಳಗೆ ಉರಿಯುತ್ತದೆ, ಬೆನ್ನಿನವರೆಗೂ ಸೆಳೆಯುತ್ತದೆ ಎಂದ. ಕ್ರಮ ತಪ್ಪಬಾರದಲ್ಲ, ಸ್ಪಿರಿಟ್ಟಿನಲ್ಲಿ ಬೆರಳು ಒರೆಸಿ, ಚುಚ್ಚಿ, ರಕ್ತ ಹಚ್ಚಿಕೊಂಡೆ. ಕಹಿ ಮಾತ್ರೆಗಳನ್ನು ನೀರಿಲ್ಲದೆ ಅಗಿದು ತಿಂದ. ಬೆಂಗಳೂರಿನ ಮಾತೆತ್ತಿದರೆ ಕುರಿಯ ಕಡೆ ನೋಡುತ್ತಾ ಕೂತ.

ರಕ್ತದಲ್ಲಿ ಏನೂ ಇರಲಿಲ್ಲ. ಮುಂದಿನ ಸಲವೂ ಬೆರಳು ಚಾಚಿದ, ಆಗಲೂ ಏನೂ ಇಲ್ಲ. ಅವನನ್ನು ಹೇಗೋ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಡಾಕ್ಟರು ಎದೆ, ಬೆನ್ನು, ನಾಲಿಗೆ, ಕಣ್ಣು ಎಲ್ಲ ನೋಡಿ ದೇಹಕ್ಕೇನೂ ಆಗಿಲ್ಲ, ನಿದ್ದೆ ಊಟ ಬಿಟ್ಟು ಸೊರಗಿದ್ದಾನೆ ಎಂದು ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟರು. ನಮ್ಮ ಕಡೆ ಸೂಜಿ ಚುಚ್ಚಿಸಿಕೊಂಡರೆ ತಾನೇ ಕಾಯಿಲೆಗೆ ಮರ್ಯಾದೆ! ಅವನು ಸ್ವಲ್ಪ ಗೆಲುವಾದ. ಎರಡು ದಿನಕ್ಕೆ ಮತ್ತೆ ಅದೇ ಉರಿ, ಅದೇ ಸೆಳೆತ. ಅವನ ಹೆಂಡತಿಗೆ ತೆಗೆದಿದ್ದೂ ಎಡಗಡೆಯೇ ಎಂದು ನೆನಪಿಸಿದವರು ನರ್ಸಮ್ಮ. ಇನ್ನೊಬ್ಬಳನ್ನು ತರುವ ಮಾತನ್ನು ಅವರು ಆಮೇಲೆ ಆಡಲಿಲ್ಲ.

ಆ ಹೆಂಗಸಿನ ಜೊತೆ ನಾನು ಮಾತಾಡಿದ್ದು ಅದಾದ ಮೇಲೆ. ಜಗಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಎಡಗೈ ಪೂರ್ತಿ ಮೇಲೆತ್ತಲು ಬರುತ್ತಿರಲಿಲ್ಲ. ಗಂಡನನ್ನು ನಾನು ಒಪ್ಪಿಸುತ್ತೇನೆ, ಆಗದಿದ್ದರೆ ನಿನ್ನ ತವರಿನವರು ಯಾರನ್ನಾದರೂ ಕರೆದುಕೊಂಡು ನೀನು ಹೊರಡಮ್ಮ, ದಿನ ಕಳೆದಷ್ಟೂ ನಿನಗೇ ಕಷ್ಟ ಎಂದೆ. ಅವಳು ಕೈಕೆಲಸ ನಿಲ್ಲಿಸಲಿಲ್ಲ.

“ನಾನ್ ಯಾರ್ ಜೊತೆಗಾದ್ರೂ ಓಯ್ತೀನಿ ಕಣಣ್ಣ, ನಂಗೇನು ಭಯ ಇಲ್ಲ. ಇವ್ನನ್ ಬುಟ್ಟು ಓಗಾದೆಂಗೆ? ಬಾವಿ ಕಟ್ಟೆ ಮ್ಯಾಲೆ ಕುಂತ್ಕಂಡು ನೀರ್ ನೋಡ್ತಿರ್ತಾನೆ. ಕರುದ್ರೆ ಕೇಳಿಸಾಕಿಲ್ಲ. ನಾನ್ ವಾಸಿ ಮಾಡ್ಕಂಡ್ ಬರೋ ಒತ್ಗೆ ಇವ್ನು ಇರಾಕಿಲ್ಲ. ಆಮ್ಯಾಕೆ ನಾನ್ ಉಳ್ದು ಏನ್ ಮಾಡ್ಲಿ?”

ಅಲ್ಲಿಯವರೆಗೆ ನಾವೆಲ್ಲ ಅವನು ಅವಳನ್ನು ಕರೆದುಕೊಂಡು ಹೋಗುತ್ತಿಲ್ಲ ಎಂದುಕೊಂಡಿದ್ದೆವು. ನಿಜವಾಗಿ ಅವನನ್ನು ಬಿಟ್ಟುಹೋಗಲಾರದೆ ಇವಳೇ ಕೂತಿದ್ದಳು. ಇಬ್ಬರಲ್ಲಿ ಒಬ್ಬರಿಗೆ ಕ್ಯಾನ್ಸರ್, ಕಾವಲು ಕಾಯುತ್ತಿರುವವಳು ಅವಳೇ. ಅವನು ಏಳದೆ ಇವಳು ಬಸ್ಸು ಹತ್ತುವುದಿಲ್ಲ, ಇವಳು ಹತ್ತದಿದ್ದರೆ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಏನಾಯಿತು ಎಂದು ಕೇಳಿದೆ. ಆ ದಿನ ಕರೆಂಟಿನ ರೂಮಿನವನು ಇವರನ್ನು ಬೈದು ಕಳಿಸಿದ, ಯಾಕೆಂದು ತನಗೆ ಸರಿಯಾಗಿ ತಿಳಿಯಲಿಲ್ಲ, ಬಸ್ಸಿನಲ್ಲಿ ಕೂತಾಗಿನಿಂದ ಇವನು ಹೀಗೆ ಎಂದಳು.

ಡಾಕ್ಟರಿಗೆ ಹೇಳಿದೆ. ಮೊದಲು ನಿದ್ದೆ ಬರಲಿ ಎಂದು ಮಾತ್ರೆ ಕೊಟ್ಟರು. ಅವಳ ಕೈಗೇ ಕೊಡಿ, ಅವನ ಕೈಗೆ ಕೊಡಬೇಡಿ ಎಂದು ಎಚ್ಚರಿಸಿದರು. ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು, ನಾವು ನೆನೆಸಿದ ಹಾಗಲ್ಲ. ಹಗಲಲ್ಲೂ ಮಂಪರು ಹತ್ತಿ ಅವನು ಮರದ ಬುಡದಲ್ಲಿ ಮಲಗಿಬಿಟ್ಟ. ಕುರಿಯೆಲ್ಲ ಪಕ್ಕದ ಊರಿನವರ ಕಡ್ಲೆಕಾಯಿ ಹೊಲಕ್ಕೆ ನುಗ್ಗಿ ಮೇಯ್ದವು. ಹೊಲದವರು ಬಂದು ಹಟ್ಟಿಯ ಮುಂದೆ ಕೂಗಾಡಿದರು. ಹುಟ್ಟಿದಾಗಿನಿಂದ ಒಂದು ಕುರಿಯನ್ನೂ ಪರರ ಹೊಲಕ್ಕೆ ಬಿಡದವನು ಎಂದು ಹೆಸರಾಗಿದ್ದವನಿಗೆ ಅದು ಗಾಯದ ಮೇಲೆ ಬರೆ ಎಳೆದಂತಾಯಿತು. ತಾನು ಮುಟ್ಟಿದ್ದೆಲ್ಲ ಹಾಳು ಎಂದು ಅವತ್ತಿನಿಂದ ಹೇಳಲು ಶುರುಮಾಡಿದ. ಮಾತ್ರೆ ನಿಲ್ಲಿಸಿದೆವು.

ಇನ್ನುಳಿದದ್ದು ಬೆಂಗಳೂರಿನ ಮನಸ್ಸಿನ ಕಾಯಿಲೆಯ ಆಸ್ಪತ್ರೆ. ಅದನ್ನು ಹೇಳಲು ಹಟ್ಟಿಯ ಹಿರಿಯನ ಹತ್ತಿರ ಹೋದೆ. ಅವನು ಇವನಿಗೆ ದೊಡ್ಡಪ್ಪನಾಗಬೇಕು, ಬಿಳಿ ಮೀಸೆ, ತೂಗಿ ಮಾತಾಡುವ ಮನುಷ್ಯ. ಕೈ ಮುಗಿದು, ಬೇರೆ ಏನು ಬೇಕಾದರೂ ಹೇಳಿ, ಹುಚ್ಚಾಸ್ಪತ್ರೆ ಎಂದು ಮಾತ್ರ ಹೇಳಬೇಡಿ, ಆ ಹೆಸರು ಬಂದರೆ ಈ ಮನೆಯ ಮಕ್ಕಳಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದ. ನಾನು ವಾದಿಸಿದೆ. ಅವನು ಕೇಳಿಸಿಕೊಂಡ, ಮಜ್ಜಿಗೆ ಕೊಡಿಸಿದ, ಒಪ್ಪಲಿಲ್ಲ. ಅವತ್ತು ಸೈಕಲ್ ತಳ್ಳಿಕೊಂಡು ಬರುತ್ತಾ ನನಗೆ ಅವನ ಮೇಲೆ, ಅವಳ ಮೇಲೆ, ಡಾಕ್ಟರ ಮೇಲೆ, ಎಲ್ಲರ ಮೇಲೂ ಕೋಪ ಬಂದಿತ್ತು. ನನ್ನ ಹಳ್ಳಿಗಳಲ್ಲಿ ನಿಜವಾದ ಜ್ವರದವರು ಮಲಗಿದ್ದರು, ನಾನು ಜ್ವರವಿಲ್ಲದವನ ಹಿಂದೆ ಬಿದ್ದಿದ್ದೆ.

ವಿಷಯ ಹೊರಬಂದದ್ದು ಏನೂ ಕೇಳದೆ ಇದ್ದಾಗ. ಒಂದು ಮಧ್ಯಾಹ್ನ ಹೊಂಗೆ ಮರದ ನೆರಳಲ್ಲಿ ಕೂತು ಅವತ್ತಿನ ಗಾಜಿನ ಪಟ್ಟಿಗಳಿಗೆ ನಂಬರು ಹಾಕುತ್ತಿದ್ದೆ. ಗಾಜಿನ ಮೇಲೆ ಬರೆಯಲು ನಮಗೆ ಮೇಣದ ಪೆನ್ಸಿಲ್ ಕೊಡುತ್ತಿದ್ದರು. ಅವನು ಕುರಿ ಬಿಟ್ಟು ಬಂದು ಪಕ್ಕದಲ್ಲಿ ಕೂತ. ಬೆರಳು ಚಾಚುತ್ತಾನೇನೋ ಎಂದು ಸೂಜಿ ತೆಗೆಯಹೊರಟೆ. ಅವನು ಪೆನ್ಸಿಲ್ಲನ್ನೇ ನೋಡುತ್ತಿದ್ದ.

“ಅದು ತೊಳುದ್ರೆ ಓಯ್ತದಾ ಸಾರ್?”

ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಎಂದೆ. ಸೀಗೆಪುಡಿ ಹಾಕಿ ಉಜ್ಜಿದರೆ ಎಂದು ಕೇಳಿದ. ಹಾಗೆ ಕೇಳಿ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಗಂಡಸರು ಅಳುವಾಗ ಏನು ಮಾಡಬೇಕೆಂದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಬೀಡಿ ಕೊಟ್ಟು ಸುಮ್ಮನೆ ಕೂತೆ. ನಿಧಾನವಾಗಿ ಎಲ್ಲ ಹೇಳಿದ.

ಕರೆಂಟು ಶುರುಮಾಡುವ ಮೊದಲು ಆಸ್ಪತ್ರೆಯಲ್ಲಿ ಅವಳ ಎದೆಯ ಮೇಲೆ, ಗಾಯದ ಸುತ್ತ, ನೇರಳೆ ಬಣ್ಣದ ಶಾಯಿಯಲ್ಲಿ ಚೌಕಾಕಾರವಾಗಿ ಗೆರೆ ಎಳೆದಿದ್ದರು. ಗೆರೆ ಯಾಕೆ ಎಂದು ಯಾರೂ ಹೇಳಿರಲಿಲ್ಲ. ನೀರು ಸೋಕಿಸಬೇಡಿ ಎಂದು ಇಂಗ್ಲಿಷು ಬೆರೆಸಿ ಯಾರೋ ಅಂದರಂತೆ, ಅದು ಗಾಯಕ್ಕೆ ಹೇಳಿದ್ದು ಎಂದು ಇವರು ತಿಳಿದರು, ಗಾಯ ಮಾಗಿತ್ತಲ್ಲ, ಇನ್ನು ನೀರು ಬಿದ್ದರೇನು ಎಂದುಕೊಂಡರು. ಹಬ್ಬಕ್ಕೆ ಬಂದಾಗ ಬೇಲಿಯ ಹೊರಗೆ ಅವಳ ತಲೆಗೆ ನೀರು ಹಾಕಿದರು. ಎಲ್ಲ ಮೈಲಿಗೆಯೂ ಹೋಗಬೇಕಲ್ಲ, ಆಸ್ಪತ್ರೆಯ ಬಣ್ಣ ಮೈಮೇಲೆ ಉಳಿದರೆ ಹೇಗೆ? ಅವಳ ಕೈ ಮೇಲೆ ಹೋಗುತ್ತಿರಲಿಲ್ಲ. ಅದಕ್ಕೆ ಬೀಸಿದ ಸೀಗೆಪುಡಿ ಹಾಕಿ, ನೋವಾಗದ ಹಾಗೆ ಮೆತ್ತಗೆ, ಒಂದು ಚೂರೂ ಬಣ್ಣ ಉಳಿಯದಂತೆ ಇವನೇ ಉಜ್ಜಿ ತೆಗೆದ. ರಜೆ ಮುಗಿಸಿ ಹೋದಾಗ ಕರೆಂಟಿನ ರೂಮಿನವನು ಬರಿಮೈ ನೋಡಿ ಕೆಂಡವಾದ. ಇವನನ್ನು ಹೊರಗೆ ಕರೆದು, ಗೆರೆ ಅಳಿಸಿದ್ದು ಯಾರು, ಇನ್ನು ಇವಳಿಗೆ ಏನಾದರೂ ಆದರೆ ನೀನೇ ಜವಾಬ್ದಾರಿ, ಹೋಗು, ದೊಡ್ಡ ಡಾಕ್ಟರು ಇರುವ ದಿನ ಬಾ ಎಂದ.

ಅಷ್ಟಕ್ಕೆ ಯಾರಾದರೂ ಬಾವಿ ಕಟ್ಟೆ ಹತ್ತುತ್ತಾರೆಯೇ ಎಂದು ನನಗೆ ಇನ್ನೂ ಅರ್ಥವಾಗಿರಲಿಲ್ಲ. ಅವನು ತನ್ನ ಅಪ್ಪನ ಸಾವಿನ ಕಥೆ ಹೇಳಿದಾಗ ಅರ್ಥವಾಯಿತು. ಅಪ್ಪನಿಗೆ ಸೊಂಟದ ಮೇಲೆ ಸರ್ಪಸುತ್ತು ಎದ್ದಿತ್ತು. ನಾಟಿ ಮದ್ದು ಕೊಡುವವನು ಕೆಮ್ಮಣ್ಣು ಕಲಸಿ ಬೊಬ್ಬೆಗಳ ಮುಂದೆ ಅಡ್ಡಗೆರೆ ಎಳೆದು, ಸುತ್ತಿನ ತಲೆ ಬಾಲ ಕೂಡಿದರೆ ಆಸಾಮಿ ಉಳಿಯುವುದಿಲ್ಲ, ಗೆರೆ ಇರುವ ತನಕ ಅದು ದಾಟುವುದಿಲ್ಲ ಎಂದು ಹೇಳಿಹೋಗಿದ್ದ. ಬೆವರಿಗೆ ಗೆರೆ ಅಳಿಸಿತು. ಅದೇ ವಾರ ಅಪ್ಪ ತೀರಿಕೊಂಡ. ಅಪ್ಪ ಯಾವುದರಿಂದ ಸತ್ತನೋ ನನಗೆ ಗೊತ್ತಿಲ್ಲ, ಇವನಿಗೆ ಮಾತ್ರ ಗೊತ್ತಿತ್ತು. ಹೆಂಡತಿಯ ಎದೆಯ ಮೇಲಿನ ಚೌಕವೂ ಅಂಥದ್ದೇ ಎಂದು, ಬೈಸಿಕೊಂಡ ಆ ಗಳಿಗೆಯಲ್ಲಿ ಅವನಿಗೆ ಹೊಳೆದಿತ್ತು.

“ಬೇಲಿನೇ ಎದ್ದು ಹೊಲ ಮೇದಂಗಾತು ಸಾರ್. ಕಾಯ್ಬೇಕಾದೋನು ನಾನು. ಅವ್ರು ಒಳಗ್ ಕಟ್ಟಾಕಿದ್ದನ್ನ ನಾನೇ ನನ್ ಕೈಯಾರ ಮೈಗೆಲ್ಲ ಬುಟ್ಬುಟ್ಟೆ. ಅವ್ಳಿಗೇಳಾಕೆ ಬಾಯ್ ಬರಾಕಿಲ್ಲ. ಇನ್ ಕರೆಂಟ್ ಕೊಡ್ಸಿ ಏನ್ ಬತ್ತದೆ?”

ಇಷ್ಟೇ ತಾನೇ, ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದುಕೊಂಡೆ. ಅದು ತಡೆಯ ಗೆರೆಯಲ್ಲ, ಯಂತ್ರವನ್ನು ಎಲ್ಲಿಗೆ ಹಿಡಿಯಬೇಕೆಂದು ತೋರಿಸುವ ಗುರುತು ಎಂದೆ. ನಂಬಲಿಲ್ಲ. ನನ್ನದೇ ಉದಾಹರಣೆ ಕೊಟ್ಟೆ: ನಿಮ್ಮ ಗೋಡೆಯ ಮೇಲೆ ನಾನು ಗುರುತು ಹಾಕುತ್ತೇನಲ್ಲ, ಆ ಗುರುತು ಸೊಳ್ಳೆಯನ್ನು ತಡೆಯುತ್ತದೆಯೇ? ಅವನು ಕಣ್ಣೊರೆಸಿಕೊಂಡು, ಹಂಗಾರೆ ಯುಗಾದಿಗೆ ನಮ್ಮ ಹೆಂಗಸರು ಅದರ ಮೇಲೆ ಸುಣ್ಣ ಬಳಿದಾಗ ಅಷ್ಟೊಂದು ಬೈದಿರಲ್ಲ ಯಾಕೆ ಎಂದು ಕೇಳಿದ. ನಾನು ಬೈದದ್ದು ಮೇಲಿನವರು ಬಂದು ನೋಡಿದರೆ ನನ್ನ ಕೆಲಸ ಹೋಗುತ್ತದೆ ಎಂದು. ಅದನ್ನು ಅವನಿಗೆ ವಿವರಿಸಿ ಗೆಲ್ಲುವುದು ನನ್ನಿಂದ ಆಗಲಿಲ್ಲ. ಮಾರನೆಯ ದಿನ ಡಾಕ್ಟರೂ ಕೂರಿಸಿಕೊಂಡು ಹೇಳಿದರು. ಹೂಂ ಸಾರ್, ಹೂಂ ಸಾರ್ ಎಂದು ತಲೆಯಾಡಿಸಿ, ಹೋಗುವಾಗ ಎದೆ ಉರಿಗೆ ಇನ್ನೊಂದು ಇಂಜೆಕ್ಷನ್ ಕೇಳಿದ. ಸಮಾಧಾನಕ್ಕೆ ಹೇಳುವ ಮಾತು ಯಾವುದು ಎಂದು ಅವನಿಗೆ ತಿಳಿಯದೆ ಇರುತ್ತದೆಯೇ?

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಇನ್ನು ಮಾತು ಸಾಕು. ಗೆರೆ ಎಳೆದ ಕೈಯೇ ಅವನ ಕಣ್ಣೆದುರಿಗೆ ಮತ್ತೆ ಗೆರೆ ಎಳೆಯಬೇಕು. ಅದಕ್ಕೆ ಅವನು ಬೆಂಗಳೂರಿಗೆ ಬರಬೇಕು, ಜೊತೆಗೆ ನಾನೂ ಹೋಗಬೇಕು. ಡಾಕ್ಟರಿಗೆ ಹೇಳಿದೆ. ಆ ವಾರ ನಮ್ಮಲ್ಲಿ ಆಪರೇಷನ್ ಕ್ಯಾಂಪು, ಗಂಡಸರನ್ನು ಒಪ್ಪಿಸಿ ತರದಿದ್ದರೆ ನನಗೆ ಮೆಮೋ ಬರುವುದು ಖಾತ್ರಿಯಿತ್ತು. ಅವರು, ಹೋಗಿ ಬನ್ನಿ, ಮೆಮೋ ಬಂದರೆ ಇಬ್ಬರೂ ಹಂಚಿಕೊಳ್ಳೋಣ ಎಂದರು. ಅವನನ್ನು ಹೊರಡಿಸಿದವಳು ಹೆಂಡತಿ. ನಾನು ಕೇಳಿಸಿಕೊಂಡದ್ದನ್ನೆಲ್ಲ ಅವಳಿಗೆ ಹೇಳಿದ್ದೆ. ಅವಳು ಕಣ್ಣೀರು ಹಾಕಲಿಲ್ಲ, ಬೈಯಲಿಲ್ಲ. ಬಟ್ಟೆ ಗಂಟು ಕಟ್ಟಿ ತಂದು ಅವನ ಮುಂದಿಟ್ಟು, ನನ್ನ ಕೈಯಲ್ಲಿ ಇದನ್ನು ಹೊರಲು ಆಗುವುದಿಲ್ಲ, ನೀನು ಹೊತ್ಕ ಎಂದಳು. ಅವನು ಎದ್ದು ಹೊತ್ತುಕೊಂಡ.

ಮಧುಗಿರಿಯಲ್ಲಿ ಬಸ್ಸು ಹತ್ತಿದೆವು. ಕೊರಟಗೆರೆಯಲ್ಲಿ ಸೀಟು ಖಾಲಿಯಾದರೂ ಅವನು ಕೂರಲಿಲ್ಲ, ಅವಳ ಸೀಟಿನ ಕಂಬಿ ಹಿಡಿದು ನಿಂತೇ ಬಂದ. ಅವಳು ತಲೆ ತಿರುಗಿಸಿ ನೋಡುವುದು, ಅವನು ಹೊರಗೆ ನೋಡುವುದು. ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ನಮ್ಮಂತೆಯೇ ದೂರದಿಂದ ಬಂದವರು ಗೋಡೆಗೊರಗಿ ಕೂತಿದ್ದರು, ಹೆಂಗಸರ ಪಕ್ಕ ಒಬ್ಬೊಬ್ಬ ಗಂಡಸು. ಅಲ್ಲಿ ಕೂತು ಅವರ ಮುಖಗಳನ್ನೇ ನೋಡುತ್ತಿದ್ದೆ. ಊಟ ಆಯಿತೇ ಎಂದು ಆ ಗಂಡಸರನ್ನು ಕೇಳುವವರೂ ಅಲ್ಲಿರಲಿಲ್ಲ. ಚೀಟಿ ತಾ, ಸಹಿ ಹಾಕು, ಹೊರಗೆ ನಿಲ್ಲು, ಇಷ್ಟೇ ಮಾತು.

ದೊಡ್ಡ ಡಾಕ್ಟರು ನನಗಿಂತ ಸುಸ್ತಾಗಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ, ಅಪ್ಪನ ಸರ್ಪಸುತ್ತಿನಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ನಗುತ್ತಾರೇನೋ ಎಂಬ ಹೆದರಿಕೆ ಇತ್ತು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಗಂಡನನ್ನೂ ಒಳಗೆ ಕಳಿಸಿ ಎಂದರು. ನಾನು ಪರದೆಯ ಈಚೆ ನಿಂತೆ. ಅವರು ಅಳತೆ ಹೇಳುವುದು, ಶಾಯಿಯ ಕಡ್ಡಿ ಬಟ್ಟಲಿಗೆ ತಾಗುವುದು ಕೇಳುತ್ತಿತ್ತು. ಗೆರೆ ಎಳೆದು ಮುಗಿಸಿದ ಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಕೊಡಿ ಎಂದು ಅಲ್ಲಿದ್ದ ನರ್ಸಿಗೆ ಹೇಳಿದರು. ಆಮೇಲೆ ಅಯ್ಯೋ ಬ್ಯಾಡಿ ಸಾರ್ ಎಂದು ಅವನ ದನಿ ಬಂತು.

“ನೋಡಪ್ಪಾ, ಈಗ ನಾನೇ ಅಳಿಸಿದೆ,” ಎಂದರು ಡಾಕ್ಟರು. “ಇನ್ನೊಂದು ಸಲ ಎಳೀತೀನಿ, ನೋಡ್ತಾ ಇರು. ಗೆರೆ ಅಳಿಸಿದ್ರೆ ನನಗೆ ಕೆಲಸ ಹೆಚ್ಚಾಗುತ್ತೆ, ಇವಳಿಗೆ ಕಾಯಿಲೆ ಹೆಚ್ಚಾಗಲ್ಲ. ನನಗೆ ಗುರಿ ತಪ್ಪದೇ ಇರಲಿ ಅಂತ ಈ ಗೆರೆ. ಅವತ್ತು ನಿಂಗೆ ಹೇಳಬೇಕಾಗಿತ್ತು, ನಮ್ಮೋರು ಹೇಳಲಿಲ್ಲ.”

ಮತ್ತೆ ಕಡ್ಡಿ ಬಟ್ಟಲಿಗೆ ತಾಗಿತು. ಆಮೇಲೆ ಅವಳು ಗಂಡನಿಗೆ “ಕೇಳಿಸ್ತಾ?” ಎಂದದ್ದು ಕೇಳಿತು. ಅವನು ಏನೆಂದನೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದಾಗ ಅವನ ಕೈಯಲ್ಲಿ ಶಾಯಿಯ ಸಣ್ಣ ಬಾಟಲಿ ಇತ್ತು. ಬೆವರಿಗೆ ಗೆರೆ ಮಾಸಿದರೆ ಅದರ ಮೇಲೆಯೇ ತಿದ್ದಬೇಕು, ಆಚೀಚೆ ಹೋಗಬಾರದು ಎಂದು ಡಾಕ್ಟರು ಅವನಿಗೇ ಒಪ್ಪಿಸಿದ್ದರು. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಗೆರೆ ಅಳಿಸಿದ್ದರಿಂದ ಏನೂ ಇಲ್ಲ, ಆದರೆ ನಡುವೆ ಇಷ್ಟು ವಾರ ಬಿಟ್ಟಿದ್ದು ಒಳ್ಳೆಯದಲ್ಲ. ಅದನ್ನು ನಾನು ಇಬ್ಬರಿಗೂ ಹೇಳಲಿಲ್ಲ.

ಕರೆಂಟು ಮತ್ತೆ ಶುರುವಾಯಿತು. ಮುಂದಿನ ರಜೆಗೆ ಹಟ್ಟಿಗೆ ಬರುವ ದಿನ ಬೇಲಿಯ ಹತ್ತಿರ ಏನಾಗುತ್ತದೋ ಎಂದು ಹೋಗಿ ನಿಂತೆ. ಇವನು ತನ್ನ ದೊಡ್ಡಪ್ಪನ ಎದುರು ನಿಂತು, ಅವಳ ಮೈಗೆ ನೀರು ಬೀಳಬಾರದು, ಒಳಗೆ ಬಿಡದಿದ್ದರೆ ಇಬ್ಬರೂ ರೊಪ್ಪದಲ್ಲಿ ಇರುತ್ತೇವೆ ಎಂದು ನೆಲ ನೋಡಿಕೊಂಡು ಹೇಳಿದ. ಹಿರಿಯನು ಮೀಸೆ ನೇವರಿಸಿಕೊಂಡು ಯೋಚಿಸಿ, ಮಲೇರಿಯಾ ಸಾರು ಕಾಲು ತೊಳೆದುಕೊಂಡು ಬರುವುದಿಲ್ಲವೇ, ಇವಳೂ ಹಾಗೇ ಬರಲಿ, ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿದರೆ ದೇವರು ಬೇಡ ಎನ್ನುವುದಿಲ್ಲ ಎಂದುಬಿಟ್ಟ. ಹುಚ್ಚಾಸ್ಪತ್ರೆಯ ಮಾತಿಗೆ ಒಪ್ಪದ ಮನುಷ್ಯ ಇದಕ್ಕೆ ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ.

ಕೋರ್ಸು ಮುಗಿಯಿತು. ಅವನು ಒಂದೇ ಏಟಿಗೆ ಸರಿಹೋದ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾವಿ ಕಟ್ಟೆಯ ಕಡೆ ಹೋಗುವುದು ನಿಂತಿತು, ಮನೆಯೊಳಗೆ ಮಲಗತೊಡಗಿದ. ಎದೆ ಉರಿ ಆಗಾಗ ಬರುತ್ತಲೇ ಇತ್ತು. ಅವಳಿಗೆ ಒಂದು ಕೆಮ್ಮು ಬಂದರೂ ಅವತ್ತು ಅವನ ಊಟ ಮುಗಿದ ಹಾಗೇ. ನಾನು ಹೋದಾಗಲೆಲ್ಲ ಕುರಿಯ ಹಿಂದೆ ಅವನ ಜೊತೆ ಸ್ವಲ್ಪ ದೂರ ನಡೆಯುವ ರೂಢಿಯಾಯಿತು. ಅವನು ಹೇಳುವುದು, ನಾನು ಕೇಳುವುದು. ನನ್ನಲ್ಲಿ ಔಷಧಿ ಇರಲಿಲ್ಲ, ಅವನೂ ಕೇಳುವುದನ್ನು ಬಿಟ್ಟಿದ್ದ. ಎಷ್ಟೋ ಸಲ ಬೇಸರವಾಗುತ್ತಿತ್ತು, ಹೇಳಿದ್ದನ್ನೇ ಹೇಳುತ್ತಿದ್ದ. ಆದರೂ ಹೋಗುತ್ತಿದ್ದೆ.

ಅದಾದ ಮೂರನೆಯ ವರ್ಷ ನನಗೆ ಸಿರಾ ಕಡೆಗೆ ವರ್ಗವಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಅವಳ ಬೆನ್ನುಮೂಳೆಯಲ್ಲಿ ನೋವು ಶುರುವಾಗಿದೆ ಎಂದು ನರ್ಸಮ್ಮ ಹೇಳಿಕಳಿಸಿದರು. ಕಾಯಿಲೆ ತಿರುಗಿ ಬಂದಿತ್ತು. ಈ ಸಲ ಬೆಂಗಳೂರಿನವರು ಮಾಡುವುದು ಹೆಚ್ಚೇನೂ ಉಳಿದಿಲ್ಲ ಎಂದರು. ಕೊನೆಯ ತನಕ ಅವನೇ ನೋಡಿಕೊಂಡ, ಎತ್ತಿ ಕೂರಿಸಿದ, ಉಣ್ಣಿಸಿದ ಎಂದು ಕೇಳಿದೆ. ಅವಳು ಹೋದ ಸುದ್ದಿ ತಿಳಿದ ದಿನ ನಾನು ಮೊದಲು ಮಾಡಿದ್ದು ನಮ್ಮ ಹಳೆಯ ಡಾಕ್ಟರನ್ನು ಹುಡುಕಿಕೊಂಡು ಹೋದದ್ದು. ಆ ವಾರಗಳನ್ನು ಬಿಡದೆ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ಕೇಳಿದೆ. ಉಳಿಯುತ್ತಿದ್ದಳೋ, ಬಿಡದಿದ್ದರೂ ಹೀಗೇ ಆಗುತ್ತಿತ್ತೋ, ಅದನ್ನು ಯಾರೂ ಹೇಳಲಾರರು, ನಾನಂತೂ ಹೇಳಲಾರೆ ಎಂದರು.

ಒಂದು ಸಂತೆಯ ದಿನ ಅವನು ಸಿರಾದ ನಮ್ಮ ಆಫೀಸಿನ ಮುಂದೆ ಬಂದು ನಿಂತಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಒಳಗೆ ಕರೆದರೆ ಬರಲಿಲ್ಲ. ಟೀ ಅಂಗಡಿಗೆ ಕರೆದೆ, ಬಂದ, ಬೆಂಚಿನ ಮೇಲೆ ತುದಿಯಲ್ಲಿ ಕೂತ. ಟೀ ತಣ್ಣಗಾಗುವ ತನಕ ಲೋಟ ಹಿಡಿದುಕೊಂಡೇ ಇದ್ದ.

“ಸಾಯಾಕ್ ಮುಂಚೆ ಅವ್ಳು ಏಳುದ್ಲು ಸಾರ್, ನಿನ್ನಿಂದ ಏನೂ ಆಗಿಲ್ಲ ಕಣಾ ಅಂತ. ಅವ್ಳು ಅಂಗೇ ಅಂತಾಳೆ ಬುಡಿ, ಹೆಂಡ್ತಿ. ನೀವು ಸುಳ್ ಏಳಾಕಿಲ್ಲ. ಅದ್ಕೇ ಕೇಳಾಕ್ ಬಂದೆ. ಗೆರೆದಲ್ಲ, ಅದು ನಂಗೆ ತಿಳೀತು. ನಾನ್ ಮಂಕ್ ಬಡ್ದು ಕುಂತ್ಕಂಡಿದ್ನಲ್ಲ, ಅಷ್ಟ್ ದಿನ, ಅದ್ರಿಂದ ಓದ್ಲಾ?”

“ಇಲ್ಲ,” ಎಂದೆ.

“ಡಾಕ್ಟ್ರುನ್ನ ಕೇಳುದ್ರಾ?”

“ಕೇಳಿದೆ. ಅವಳು ಹೋದ ಸುದ್ದಿ ಬಂದ ದಿನವೇ ಹೋಗಿ ಕೇಳಿದೆ.”

“ಏನಂದ್ರು?”

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನೂ ಕಣ್ಣು ತಪ್ಪಿಸಲಿಲ್ಲ.

“ಅದರಿಂದ ಅಲ್ಲವೇ ಅಲ್ಲ ಅಂದ್ರು ಕಣಪ್ಪಾ. ಬಿಡದೆ ಹೋಗಿದ್ರೂ ಹೀಗೇ ಆಗ್ತಿತ್ತು ಅಂತ ಖಂಡಿತವಾಗಿ ಹೇಳಿದ್ರು.”

ಅವನು ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಬನ್ನು ಇದ್ದರೆ ಒಂದು ಕೊಡಿಸಿ ಸಾರ್, ಹೊಟ್ಟೆ ಹಸೀತೈತೆ ಎಂದ. ಎರಡು ತಿಂದ.